ಗುಡ್ಡದ ಸೈಕಲ್ ತುಳಿಯುವ ಮಕ್ಕಳಿಗೆ ವಿದ್ಯಾರ್ಥಿವೇತನ: ಸದಸ್ಯರ ಗಮನಕ್ಕೆ



ಈಚೆಗೆ ಸಂಘದ ಫೋನಿಗೆ ಒಂದು ಹೊಸ ಬಗೆಯ ವಿಚಾರಣೆ ಬರುತ್ತಿದೆ. “ನಮ್ಮ ಹುಡುಗ ಗುಡ್ಡ ಹತ್ತುವ ಸೈಕಲ್ ತರಬೇತಿಗೆ ಹೋಗ್ತಾನೆ, ಇದಕ್ಕೇನಾದರೂ ಸ್ಕಾಲರ್‌ಷಿಪ್ ಇದೆಯೇ?” ಎಂದು. ಪೊಳ್ಳಾಚಿಯಿಂದ ಒಬ್ಬರು ಕೇಳಿದರು, ಉಡುಮಲೈಪೇಟೆ ಕಡೆಯಿಂದ ಇಬ್ಬರು, ಸಿರುಮುಗೈಯ ನೇಕಾರ ಸದಸ್ಯರೊಬ್ಬರು ಮಗಳ ಸಲುವಾಗಿ. ಒಬ್ಬೊಬ್ಬರಿಗೂ ಅರ್ಧ ಗಂಟೆ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ದಯವಿಟ್ಟು ಈ ಪುಟವನ್ನು ತೆಗೆದಿಟ್ಟುಕೊಳ್ಳಿ. ನಮ್ಮ ಮನೆಗಳ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅಂಥವರಿಗೆ ಮನೆಯ ಹಿರಿಯರು ಓದಿ ಹೇಳಬೇಕು.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಮೌಂಟನ್ ಬೈಕ್ ಎಂಬ ಹೆಸರಿನಲ್ಲೇ ಶಾಲಾ ಮಕ್ಕಳಿಗೆಂದು ಕೊಡುವ ಪ್ರತ್ಯೇಕ ಸರ್ಕಾರಿ ವಿದ್ಯಾರ್ಥಿವೇತನ ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಇಲ್ಲ. ಇರುವುದೆಲ್ಲ ಸೈಕ್ಲಿಂಗ್ ಅಥವಾ ಕ್ರೀಡೆ ಎಂಬ ದೊಡ್ಡ ತಲೆಬರಹದ ಕೆಳಗೆ ಬರುವ ನೆರವು. ಅದರಲ್ಲೂ ಬಹುಪಾಲು ಪದಕ ಬಂದ ಮೇಲೆ ಸಿಗುವಂಥದು. ಮಗು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬಿದ್ದು ಎದ್ದು ಕಲಿಯುವಾಗ ಕೈ ಹಿಡಿಯುವವರು ಕಡಿಮೆ. ಇರುವ ನೆರವು ಯಾವುದು, ಅದನ್ನು ತಪ್ಪಿಸಿಕೊಳ್ಳದಿರಲು ಏನು ಮಾಡಬೇಕು, ಆ ನಡುವಿನ ಖಾಲಿ ಜಾಗಕ್ಕೆ ನಮ್ಮ ಸಂಘ ಏನು ಮಾಡಬಹುದು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಇದು ಯಾವ ಸೈಕಲ್?

ಹಿರಿಯ ಸದಸ್ಯರಲ್ಲಿ ಕೆಲವರು “ಸೈಕಲ್ಲಿಗೂ ಸ್ಕಾಲರ್‌ಷಿಪ್ಪೇ?” ಎಂದು ನಕ್ಕದ್ದುಂಟು. ಆದ್ದರಿಂದ ಎರಡು ಮಾತು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಟಮಲ್ಪೈಸ್ ಬೆಟ್ಟದ ಸುತ್ತಿನ ಮಣ್ಣು ದಾರಿಗಳಲ್ಲಿ ಇಳಿಸಲು ಶುರು ಮಾಡಿದರು. 1976ರಲ್ಲಿ ಅವರು ಆರಂಭಿಸಿದ ಓಟಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತಂತೆ, ಮತ್ತೆ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಅದು ಪದಕದ ಆಟವಾಯಿತು. ನಮ್ಮ ದೇಶದಲ್ಲಿ 2025ರ ಆರಂಭದಲ್ಲಿ ಉತ್ತರಾಖಂಡದಲ್ಲಿ ನಡೆದ 38ನೇ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನೈನಿತಾಲ್ ಜಿಲ್ಲೆಯ ಸಾತ್‌ತಾಲ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆಗಳು ನಡೆದವು. ನಗುವವರಿಗೆ ಇದನ್ನು ತೋರಿಸಬಹುದು.

ಸೈಕಲ್ ಹೇಗಿರುತ್ತದೆ ಎಂದರೆ, ಟೈರು ಎರಡು ಇಂಚು ಅಥವಾ ಹೆಚ್ಚು ಅಗಲ, ಮೇಲೆ ಗಟ್ಟಿ ಗುಬುಟುಗಳು, ಗಾಳಿ ಸಾದಾ ಸೈಕಲ್ಲಿನ ಅರ್ಧದಷ್ಟು. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇರುತ್ತದೆ. ಡಿಸ್ಕ್ ಬ್ರೇಕು, ಏರುವಾಗ ಹಗುರಾಗುವ ಗೇರು. ಕ್ರಾಸ್ ಕಂಟ್ರಿ ಎಂಬ ಮುಖ್ಯ ಸ್ಪರ್ಧೆಯಲ್ಲಿ ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತನ್ನು ಹಲವು ಸಲ ಸುತ್ತಬೇಕು. ಕಲ್ಲು, ಬೇರು, ಕಡಿದಾದ ಇಳಿಜಾರು ಎಲ್ಲ ಇರುತ್ತದೆ. ಬೀಳುವುದು ಆಟದ ಭಾಗ. ಅದಕ್ಕೇ ಹೆಲ್ಮೆಟ್ಟಿಗೂ ಬ್ರೇಕಿನ ಪ್ಯಾಡಿಗೂ ದುಡ್ಡು ಬೇಕು ಎಂದು ಮುಂದೆ ಹೇಳುವುದು.

ವಯಸ್ಸಿನ ಲೆಕ್ಕ

ಇಲ್ಲಿ ಒಂದು ಲೆಕ್ಕವನ್ನು ಎಲ್ಲರೂ ನೋಡಬೇಕು. ತಮಿಳುನಾಡು ಸರ್ಕಾರ ಉಚಿತ ಸೈಕಲ್ ಕೊಡುತ್ತದೆ, ಒಳ್ಳೆಯ ಯೋಜನೆ. 2001-02ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಗೆಂದು ಶುರುವಾದದ್ದು ಆಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಲ್ಲ ಮಕ್ಕಳಿಗೂ ಬಂತು. ಆದರೆ ಅದು ಸಿಗುವುದು ಹನ್ನೊಂದನೇ ತರಗತಿಯಲ್ಲಿ, ಅಂದರೆ ಹದಿನಾರರ ಆಸುಪಾಸಿನಲ್ಲಿ. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಸೈಕಲ್ ಸಿಗುತ್ತಿದ್ದದ್ದು ಎಂಟನೇ ತರಗತಿಯ ಮಕ್ಕಳಿಗೆ, ಅಂದರೆ ಹದಿಮೂರಕ್ಕೆ. ಈ ಮೂರು ವರ್ಷದ ಅಂತರ ಶಾಲೆಗೆ ಹೋಗುವುದಕ್ಕೆ ದೊಡ್ಡದಲ್ಲ, ಆಟಕ್ಕೆ ಬಹಳ ದೊಡ್ಡದು. ಯಾಕೆಂದರೆ ಸೈಕ್ಲಿಂಗ್ ಫೆಡರೇಷನ್ ಆಫ್ ಇಂಡಿಯಾ ನಡೆಸುವ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮಕ್ಕಳ ವಿಭಾಗಗಳು 14ರ ಒಳಗೆ, 16ರ ಒಳಗೆ, 18ರ ಒಳಗೆ ಎಂದು ಇವೆ. ಹನ್ನೊಂದನೇ ತರಗತಿಯಲ್ಲಿ ಮೊದಲ ಸ್ವಂತ ಸೈಕಲ್ ಹತ್ತುವ ಮಗುವಿಗೆ ಮೊದಲ ಎರಡು ವಿಭಾಗಗಳ ಬಾಗಿಲು ಆಗಲೇ ಮುಚ್ಚಿರುತ್ತದೆ. ಸರ್ಕಾರಿ ಸೈಕಲ್ ಗುಡ್ಡ ಹತ್ತುವುದಕ್ಕೆ ಮಾಡಿದ್ದೂ ಅಲ್ಲ, ಅದು ಶಾಲೆಗೆ ಹೋಗಿಬರಲು.

ಸರ್ಕಾರವನ್ನು ದೂರಲು ಇದನ್ನು ಬರೆಯುತ್ತಿಲ್ಲ. ವಿದ್ಯಾರ್ಥಿವೇತನ ಯಾವ ವಯಸ್ಸಿಗೆ ಬೇಕು ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಹನ್ನೊಂದರಿಂದ ಹದಿನೈದು.

ಮೊದಲ ಮೆಟ್ಟಿಲು: ಅಣ್ಣಾ ಸೈಕಲ್ ಓಟ

ಖರ್ಚಿಲ್ಲದೆ ಮಗು ಒಂದು ಸ್ಪರ್ಧೆಯ ರುಚಿ ನೋಡಬೇಕಾದರೆ ನಮ್ಮ ಜಿಲ್ಲೆಗಳಲ್ಲೇ ದಾರಿ ಇದೆ. ಸೆಪ್ಟೆಂಬರ್ 15 ಅಣ್ಣಾದುರೈ ಅವರ ಹುಟ್ಟುಹಬ್ಬ. ಅದರ ಅಂಗವಾಗಿ ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಸೈಕಲ್ ಓಟ ನಡೆಸುತ್ತದೆ. ಈಚಿನ ವರ್ಷಗಳ ಪ್ರಕಟಣೆಯಂತೆ 13 ವರ್ಷದೊಳಗಿನ ಹುಡುಗರಿಗೆ 15 ಕಿ.ಮೀ., ಹುಡುಗಿಯರಿಗೆ 10 ಕಿ.ಮೀ.; 15 ಮತ್ತು 17 ವರ್ಷದೊಳಗಿನವರಿಗೆ ಹುಡುಗರಿಗೆ 20, ಹುಡುಗಿಯರಿಗೆ 15 ಕಿ.ಮೀ. ಬಹುಮಾನ ಮೊದಲನೆಯದು 5,000 ರೂ., ಎರಡನೆಯದು 3,000, ಮೂರನೆಯದು 2,000. ನಾಲ್ಕರಿಂದ ಹತ್ತನೆಯವರೆಗೆ ತಲಾ 250 ರೂ. ಮುಖ್ಯವಾದ ಷರತ್ತು ಏನೆಂದರೆ ಸೈಕಲ್ ಭಾರತದಲ್ಲಿ ತಯಾರಾದ ಸಾದಾ ಹ್ಯಾಂಡಲ್ಲಿನದಾಗಿರಬೇಕು, ಗೇರು ಇರಕೂಡದು. ದುಬಾರಿ ಗೇರು ಸೈಕಲ್ ತಂದ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆ! ಈ ಒಂದು ನಿಯಮಕ್ಕಾಗಿ ನಾನು ಆ ಓಟವನ್ನು ಮೆಚ್ಚುತ್ತೇನೆ. ಮಿಲ್ಲಿನ ಮಗುವೂ ಮಾಲೀಕನ ಮಗುವೂ ಒಂದೇ ಸೈಕಲ್ ಮೇಲೆ ನಿಲ್ಲುವ ಜಾಗ ಇಂದು ಹೆಚ್ಚಿಲ್ಲ.

ಪ್ರಕಟಣೆ ತಮಿಳು ಪತ್ರಿಕೆಗಳಲ್ಲಿ ‘ಮಿದಿವಂಡಿ ಪೋಟ್ಟಿ’ ಎಂದು ಒಂದು ಸಣ್ಣ ಕಲಮಿನಲ್ಲಿ ಬರುತ್ತದೆ, ಓಟಕ್ಕೆ ಒಂದು ವಾರ ಇರುವಾಗ. ಆಗಸ್ಟ್ ಕೊನೆಯಿಂದಲೇ ಕೊಯಮತ್ತೂರಿನ ನೆಹರೂ ಕ್ರೀಡಾಂಗಣದ ಕಡೆಗೋ ತಿರುಪ್ಪೂರಿನ ಜಿಲ್ಲಾ ಕ್ರೀಡಾ ಅಧಿಕಾರಿಯ ಕಚೇರಿಗೋ ಒಮ್ಮೆ ಹೋಗಿ ಬನ್ನಿ. ಶಾಲೆಯಿಂದ ವಯಸ್ಸಿನ ದೃಢೀಕರಣ ಪತ್ರ, ಆಧಾರ್, ಬ್ಯಾಂಕ್ ಪುಸ್ತಕದ ಮೊದಲ ಪುಟದ ನಕಲು ಬೇಕಾಗುತ್ತದೆ.

ದೊಡ್ಡ ನೆರವು

ಎಲ್ಲಕ್ಕಿಂತ ದೊಡ್ಡದು ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ವಿದ್ಯಾರ್ಥಿವೇತನ. ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6.28 ಲಕ್ಷ ರೂ. ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಅಷ್ಟೂ ಮನೆಗೆ ಬರುವುದಿಲ್ಲ ಎಂಬುದನ್ನು ತಿಳಿದಿರಬೇಕು. ತಿಂಗಳಿಗೆ 10,000ದಂತೆ ವರ್ಷಕ್ಕೆ 1.20 ಲಕ್ಷ ಮಾತ್ರ ಮಗುವಿನ ಖಾತೆಗೆ ಜೇಬು ಖರ್ಚೆಂದು ಬೀಳುತ್ತದೆ. ಉಳಿದದ್ದು ತರಬೇತಿ, ಊಟ, ವಸತಿ, ಸಲಕರಣೆ, ವಿಮೆ, ಸ್ಪರ್ಧೆಯ ಖರ್ಚು ಎಂದು ಅಕಾಡೆಮಿಯ ಮೂಲಕ ಹೋಗುತ್ತದೆ. ಆಯ್ಕೆ ರಾಷ್ಟ್ರೀಯ ಮಟ್ಟದ ಸ್ಪರ್ಧೆಗಳ ಫಲಿತಾಂಶ ನೋಡಿ. ನೇರ ಅರ್ಜಿ ಹಾಕಿ ಕಾಯುವಂಥದಲ್ಲ. ಇನ್ನೊಂದು ತೊಡಕು ಏನೆಂದರೆ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸೈಕ್ಲಿಂಗ್ ಎಂದು ನಡೆದಿರುವುದು ಟ್ರ್ಯಾಕ್ ಮತ್ತು ರಸ್ತೆ ಓಟ. ಗುಡ್ಡದಲ್ಲಿ ಚೆನ್ನಾಗಿ ಓಡಿಸುವ ಮಗು ರಸ್ತೆಯ ಓಟದಲ್ಲೂ ಹೆಸರು ಕೊಡುವುದು ಜಾಣತನ. ಕಾಲಿನ ಬಲ ಎರಡಕ್ಕೂ ಒಂದೇ.

ರಾಜ್ಯದಲ್ಲಿ ಕ್ರೀಡಾ ಪ್ರಾಧಿಕಾರದ ಮೂರು ಹಂತದ ಯೋಜನೆಗಳಿವೆ: ಎಲೈಟ್, ಎಂ.ಐ.ಎಂ.ಎಸ್. ಮತ್ತು ಚಾಂಪಿಯನ್ಸ್ ಡೆವಲಪ್‌ಮೆಂಟ್ ಸ್ಕೀಮ್. ಮೂರನೆಯದು ಎಳೆಯರಿಗೆ ಹತ್ತಿರದ್ದು, ಅದಕ್ಕೂ ಪದಕದ ಫಲಿತಾಂಶ ಬೇಕು. 2023ರ ಮೇ ತಿಂಗಳಲ್ಲಿ ಶುರುವಾದ ತಮಿಳುನಾಡು ಚಾಂಪಿಯನ್ಸ್ ಫೌಂಡೇಷನ್ ಸ್ವಲ್ಪ ಬೇರೆ. ಇಲ್ಲಿ ಸಲಕರಣೆಗೆ, ಸ್ಪರ್ಧೆಯ ಪ್ರಯಾಣಕ್ಕೆ ಎಂದು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ರಾಜ್ಯ ತಂಡಕ್ಕೆ ಆಯ್ಕೆಯಾಗಿ ಉತ್ತರದ ಊರಿಗೆ ಹೋಗಬೇಕಾದ ಮಗುವಿದ್ದರೆ ಮೊದಲು ತಟ್ಟಬೇಕಾದ ಬಾಗಿಲು ಇದೇ. ಆಮೇಲೆ ಕಾಲೇಜಿನ ವಿಷಯ. ತಮಿಳುನಾಡು ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಕ್ರೀಡಾಪಟುಗಳಿಗೆ 500 ಸೀಟು ಮೀಸಲಿವೆ. ಇದೂ ಒಂದು ಬಗೆಯ ವಿದ್ಯಾರ್ಥಿವೇತನವೇ ಎಂದು ನಾನು ತಿಳಿಯುತ್ತೇನೆ.

ವಿಜಯಪುರ, ಬಾಗಲಕೋಟೆ ಕಡೆಯ ದಾರಿ

ಕನ್ನಡ ನಾಡಿನಲ್ಲಿ ಸೈಕಲ್ ಎಂದರೆ ಬೆಂಗಳೂರಲ್ಲ, ವಿಜಯಪುರ ಮತ್ತು ಬಾಗಲಕೋಟೆ. ಒಣ ಬಯಲು, ನೇರ ರಸ್ತೆ, ಒಕ್ಕಲು ಮನೆಗಳ ಮಕ್ಕಳು. ಅಲ್ಲಿಂದ ಬಂದ ಸೈಕಲ್ ಪಟುಗಳು ಎಷ್ಟೋ ವರ್ಷಗಳಿಂದ ರಾಷ್ಟ್ರೀಯ ಪದಕ, ರಾಜ್ಯದ ಏಕಲವ್ಯ ಪ್ರಶಸ್ತಿ ತಂದಿದ್ದಾರೆ, ರೈಲ್ವೆಯಲ್ಲಿ, ಸೇನೆಯಲ್ಲಿ ಕೆಲಸ ಹಿಡಿದಿದ್ದಾರೆ. ಇದು ಹೇಗಾಯಿತು ಎಂದು ನೋಡಿದರೆ ಉತ್ತರ ದುಬಾರಿ ಸೈಕಲ್ ಅಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಅಲ್ಲಿ ಸೈಕ್ಲಿಂಗ್‌ಗೆ ಕ್ರೀಡಾ ವಸತಿನಿಲಯ ಇಟ್ಟಿತು. ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲೂ ಸೈಕ್ಲಿಂಗ್ ಇದೆ. ಮಗು ಹತ್ತು ಹನ್ನೆರಡು ವಯಸ್ಸಿಗೆ ಅಲ್ಲಿ ಸೇರಿದರೆ ಊಟ, ವಸತಿ, ಶಾಲೆ, ತರಬೇತುದಾರ, ಸೈಕಲ್ ಎಲ್ಲ ಒಂದೇ ಕಡೆ. ಪದಕ ತಂದ ಮೇಲೆ ಅಲ್ಲ, ಪದಕ ಬರುವುದಕ್ಕೆ ಐದಾರು ವರ್ಷ ಮುಂಚೆಯೇ. ವೆಲೊಡ್ರೋಮ್ ಕಟ್ಟುವ ಕೆಲಸ ವಿಜಯಪುರದಲ್ಲಿ ವರ್ಷಗಟ್ಟಲೆ ಎಳೆಯಿತು, ಆದರೂ ಮಕ್ಕಳು ರಸ್ತೆಯ ಮೇಲೆಯೇ ಕಲಿತು ಪದಕ ತಂದರು. ಗದಗ ಕಡೆಯ ಮಕ್ಕಳು ಗುಡ್ಡದ ಸೈಕಲ್ಲಿನಲ್ಲೂ ಹೆಸರು ಮಾಡಿದ್ದಾರೆ, ಈ ಆಟದ ರಾಷ್ಟ್ರೀಯ ಸ್ಪರ್ಧೆಯೇ ಆ ಊರಿನಲ್ಲಿ ನಡೆದದ್ದುಂಟು.

“ಹಾಗಾದರೆ ನಮ್ಮ ಮಗುವನ್ನು ಅಲ್ಲಿಗೆ ಕಳಿಸಬಹುದೇ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿಯ ಆಯ್ಕೆ ಪರೀಕ್ಷೆಗೆ ಹೊರಡುವ ಮುಂಚೆ ವಾಸಸ್ಥಳದ ನಿಯಮವನ್ನು ಆ ಜಿಲ್ಲೆಯ ಕ್ರೀಡಾ ಇಲಾಖೆಯ ಕಚೇರಿಯಿಂದ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ಫೋನಿನ ಮಾತು ನಂಬಿ ಎಂಟುನೂರು ಕಿಲೋಮೀಟರು ಹೋಗಬೇಡಿ. ಗಡಿಯ ಈಚೆಗಿರುವ ನಮ್ಮ ಕಷ್ಟ ಗೊತ್ತಲ್ಲ. ಅಲ್ಲಿ ನಾವು ತಮಿಳುನಾಡಿನವರು, ಇಲ್ಲಿ ನಾವು ಕನ್ನಡದವರು. ಕೊಳ್ಳೇಗಾಲ 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಕಾಗದದ ಗೆರೆ ಆಚೀಚೆ ಆಗುತ್ತದೆ, ಅರ್ಜಿಯ ಕಾಲಂ ಆಗುವುದಿಲ್ಲ. ಮಗು ಓದುವ, ಅಭ್ಯಾಸ ಮಾಡುವ ರಾಜ್ಯದ ಸೈಕ್ಲಿಂಗ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ತಮಿಳುನಾಡಿನ ಪರವಾಗಿ ಆಡುವುದೇ ನಮ್ಮವರಿಗೆ ಹೆಚ್ಚು ಸುಲಭದ ದಾರಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಹೊರದೇಶದಲ್ಲಿ ಹೇಗೆ ಮಾಡುತ್ತಾರೆ

ಅಮೆರಿಕದಲ್ಲಿ ಮಕ್ಕಳಿರುವ ಸದಸ್ಯರು ಕೆಲವರು ‘ನೈಕಾ’ ಎಂಬ ಹೆಸರು ಹೇಳಿದ್ದರು. ಅದು ಅಲ್ಲಿಯ ಶಾಲಾ ಮಕ್ಕಳ ಮೌಂಟನ್ ಬೈಕ್ ಸಂಸ್ಥೆ. 2001ರಲ್ಲಿ ಬರ್ಕ್ಲಿ ಹೈಸ್ಕೂಲಿನ ಗಣಿತ ಮೇಷ್ಟರು ಮ್ಯಾಟ್ ಫ್ರಿಟ್ಜಿಂಗರ್ ಉತ್ತರ ಕ್ಯಾಲಿಫೋರ್ನಿಯಾದ ಶಾಲೆಗಳಿಗೆಂದು ಒಂದು ಲೀಗ್ ಶುರು ಮಾಡಿದರು, ಅದೇ ಬೆಳೆದು 2009ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಅವರ ಒಂದು ಪದ್ಧತಿ ನನಗೆ ಹಿಡಿಸಿತು. ತಂಡದಲ್ಲಿ ಯಾರೂ ಬೆಂಚಿನ ಮೇಲೆ ಕೂತು ನೋಡುವುದಿಲ್ಲ. ಬಂದ ಮಕ್ಕಳೆಲ್ಲ ಓಡಿಸುತ್ತಾರೆ, ಕೊನೆಗೆ ಬಂದವರಿಗೂ ಅಂಕ ಇದೆ. ಅಲ್ಲಿಯ ಅನೇಕ ಲೀಗ್‌ಗಳು ಕೊಡುವ ವಿದ್ಯಾರ್ಥಿವೇತನ ಎಂದರೆ ಬಡ ಮನೆಯ ಮಗುವಿಗೆ ನೋಂದಣಿ ಮತ್ತು ಸ್ಪರ್ಧೆಯ ಶುಲ್ಕದಲ್ಲಿ ರಿಯಾಯಿತಿ, ಜೊತೆಗೆ ಎರವಲು ಸೈಕಲ್. ವೇಗ ಎಷ್ಟು ಎಂದು ಕೇಳುವುದಿಲ್ಲ, ಮನೆಯ ಸ್ಥಿತಿ ಏನು ಎಂದು ಕೇಳುತ್ತಾರೆ. ಹುಡುಗಿಯರಿಗೆಂದೇ ಪ್ರತ್ಯೇಕ ಕಾರ್ಯಕ್ರಮವೂ ಇದೆ.

ನಮಗೆ ಇನ್ನೂ ಹತ್ತಿರವಾಗಿ ಕಾಣುವುದು ದಕ್ಷಿಣ ಆಫ್ರಿಕಾದ ಸ್ಟೆಲನ್‌ಬಾಷ್ ಊರಿನ ಕಯಮಂಡಿ ಎಂಬ ಬಡ ಬಡಾವಣೆ. 2008ರಲ್ಲಿ ಅಲ್ಲಿಯವರೇ ಆದ ಸಾಂಗೊ ಫಿಪಾಜಾ, ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಸೈಕಲ್ ಪಟು ಕ್ರಿಸ್ಟೋಫ್ ಸೌಸರ್ ಜೊತೆ ಸೇರಿ ಮಕ್ಕಳಿಗೆ ಸೈಕಲ್ ತರಬೇತಿ ಶುರು ಮಾಡಿದರು. ಅಲ್ಲಿ ಸೈಕಲ್ ಜೊತೆಗೆ ಶಾಲೆ ಬಿಟ್ಟ ಮೇಲಿನ ಪಾಠವೂ ಇದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋಗುವ ಮನೆಯ ಮಗುವನ್ನು ನೆನೆದುಕೊಂಡರೆ ಈ ಜೋಡಣೆಯ ಅರ್ಥ ತಿಳಿಯುತ್ತದೆ. ಸಂಜೆ ನಾಲ್ಕರಿಂದ ಎಂಟರ ತನಕ ಆ ಮಗು ಎಲ್ಲಿರುತ್ತದೆ ಎಂಬುದೇ ಅಲ್ಲಿಯ ನಿಜವಾದ ಪ್ರಶ್ನೆ.

ಕಾಗದ ಪತ್ರಗಳು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಮೂವತ್ತು ವರ್ಷಕ್ಕೂ ಹೆಚ್ಚು ಗುಮಾಸ್ತನಾಗಿದ್ದವನ ಮಾತು ಇದು. ಅರ್ಜಿಗಳು ಬೀಳುವುದು ಅರ್ಹತೆ ಇಲ್ಲದೆ ಅಲ್ಲ, ಇನಿಷಿಯಲ್ ಹೊಂದದೆ.

ಒಂದು ಸಲ ಒಬ್ಬ ಹುಡುಗನ ಕ್ರೀಡಾ ಪ್ರೋತ್ಸಾಹ ಧನದ ಅರ್ಜಿ ನನ್ನ ಮೇಜಿಗೆ ಬಂತು. ಓಟಗಾರ, ಸೈಕಲ್ ಅಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಇನಿಷಿಯಲ್, ಬ್ಯಾಂಕ್ ಪುಸ್ತಕದಲ್ಲಿ ಎರಡು. “ಸರಿಪಡಿಸಿ ಮರುಸಲ್ಲಿಸುವುದು” ಎಂದು ಬರೆದು ಅಂಚೆಗೆ ಹಾಕಿದೆ. ನಿಯಮದ ಪ್ರಕಾರ ಸರಿಯೇ. ಆದರೆ ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಉಳಿದಿತ್ತು, ಅದನ್ನೂ ನಾನು ನೋಡಿದ್ದೆ. ಅರ್ಜಿಯ ಮೇಲೆ ಅವರ ನೆರೆಮನೆಯ ಫೋನ್ ನಂಬರು ಇತ್ತು. ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. ಅರ್ಜಿ ಮರಳಿ ಬರಲಿಲ್ಲ. ಎಷ್ಟೋ ತಿಂಗಳ ನಂತರ ತಂದೆ ಬೇರೆ ಕೆಲಸಕ್ಕೆ ಕಚೇರಿಗೆ ಬಂದಾಗ ಮಾತಿನಿಂದ ನಮ್ಮವರೇ ಎಂದು ತಿಳಿಯಿತು. ಹುಡುಗ ಓಟ ಬಿಟ್ಟು ಗಿರಣಿ ಸೇರಿದ್ದ. ಆ ತಂದೆ ನನ್ನನ್ನು ಏನೂ ಅನ್ನಲಿಲ್ಲ, ಟಿಪ್ಪಣಿ ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸಂಘದ ಕೆಲಸಕ್ಕೆ ಬಂದ ಮೇಲೆ ಅರ್ಜಿ ತುಂಬಿಕೊಡುವ ಕೆಲಸವನ್ನು ಬೇರೆಯವರಿಗೆ ಬಿಡದೆ ನಾನೇ ಇಟ್ಟುಕೊಂಡಿರುವುದಕ್ಕೆ ಇದು ಕಾರಣ.

ಆದ್ದರಿಂದ ಹೆಸರಿನ ವಿಷಯ. ತಮಿಳುನಾಡಿನ ಶಾಲೆಯಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಮಾತ್ರ ಇನಿಷಿಯಲ್. ನಮ್ಮ ಮನೆಗಳಲ್ಲಿ ಊರಿನ ಅಕ್ಷರ, ಮನೆತನದ ಅಕ್ಷರ ಸೇರಿಸುವ ರೂಢಿ ಇದೆ. ಉದಾಹರಣೆಗೆ ಶಾಲೆಯಲ್ಲಿ ‘ಆರ್. ಮಂಜುನಾಥನ್’, ಆಧಾರ್‌ನಲ್ಲಿ ‘ಮಂಜುನಾಥ ಗೌಡ’, ಬ್ಯಾಂಕಿನಲ್ಲಿ ‘ಕೆ. ಆರ್. ಮಂಜುನಾಥ್’ ಎಂದಿದ್ದರೆ ಕಂಪ್ಯೂಟರಿಗೆ ಅವರು ಮೂರು ಜನ. ಶಾಲೆಯ ದಾಖಲೆಯನ್ನು ಮೂಲವಾಗಿಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸಿ. ಇದನ್ನು ಅರ್ಜಿ ಕರೆದ ಮೇಲೆ ಅಲ್ಲ, ಈ ಬೇಸಿಗೆ ರಜೆಯಲ್ಲೇ ಮಾಡಿ.

ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಹತ್ತು ವರ್ಷ ದಾಟಿದ ಮಗು ತಾನೇ ನಡೆಸುವ ಉಳಿತಾಯ ಖಾತೆ ತೆರೆಯಲು 2014ರಿಂದ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಆದಾಯ ಪ್ರಮಾಣಪತ್ರಕ್ಕೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ, ಶುಲ್ಕ 60 ರೂ. ವಯಸ್ಸಿನ ವಿಷಯದಲ್ಲಿ ಸೈಕ್ಲಿಂಗ್ ಲೆಕ್ಕ ಬೇರೆ: ಹುಟ್ಟಿದ ತಿಂಗಳನ್ನಲ್ಲ, ಇಸವಿಯನ್ನು ನೋಡುತ್ತಾರೆ. ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಒಂದೇ ವಿಭಾಗ. ಶಾಲೆಗೆ ಸೇರಿಸಲು ಹುಟ್ಟಿದ ದಿನ ತಿದ್ದಿದ ಮನೆಗಳಿದ್ದರೆ (ಹಿಂದೆ ಇದು ಸಾಮಾನ್ಯವಾಗಿತ್ತು) ಇಲ್ಲಿ ಸಿಕ್ಕಿಬೀಳುತ್ತದೆ.

ಪ್ರಮಾಣಪತ್ರಗಳ ನಮೂನೆಯನ್ನೂ ಗಮನಿಸಿ. ಕ್ರೀಡಾ ಕೋಟಾದ ಕೇಂದ್ರ ಸರ್ಕಾರಿ ಕೆಲಸಗಳಿಗೆ ಫಾರಂ 1 ದೇಶದ ಪರ ಆಡಿದವರಿಗೆ, ಫಾರಂ 2 ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯದ ಪರ ಆಡಿದವರಿಗೆ, ಫಾರಂ 3 ವಿಶ್ವವಿದ್ಯಾಲಯಕ್ಕೆ, ಫಾರಂ 4 ಶಾಲಾ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಖಾಸಗಿಯಾಗಿ ನಡೆಯುವ ಭಾನುವಾರದ ರೇಸಿನ ಬಣ್ಣದ ಪ್ರಮಾಣಪತ್ರ, ಮಿನುಗುವ ಪದಕ ಎಷ್ಟಿದ್ದರೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪ್ರವೇಶ ಶುಲ್ಕ ಕಟ್ಟುವ ಮುಂಚೆ ಆ ಸ್ಪರ್ಧೆಗೆ ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಕೇಳಿ.

ಕಾಡಿನ ವಿಷಯ

ನಮ್ಮ ಜಿಲ್ಲೆಗಳಿಗೆ ಗುಡ್ಡಕ್ಕೇನು ಕಡಿಮೆ? ಮರುದಮಲೈ, ವೆಳ್ಳಿಯಂಗಿರಿ ತಪ್ಪಲು, ಆನೈಕಟ್ಟಿ, ವಾಳೈಯಾರ್, ಆಳಿಯಾರ್‌ನಿಂದ ನಲವತ್ತು ತಿರುವು ಹತ್ತುವ ವಾಲ್ಪಾರೈ ರಸ್ತೆ. ಆದರೆ ಇದರಲ್ಲಿ ಬಹುಪಾಲು ಮೀಸಲು ಅರಣ್ಯ, ಆನೆ ಓಡಾಡುವ ಜಾಗ. ಅನುಮತಿ ಇಲ್ಲದೆ ಮೀಸಲು ಅರಣ್ಯದೊಳಗೆ ಸೈಕಲ್ ಇಳಿಸುವುದು ಅಪರಾಧ. ಬೆಳಗಿನ ಜಾವ ಮಕ್ಕಳು ಸದ್ದಿಲ್ಲದ ಸೈಕಲ್ಲಿನಲ್ಲಿ ತಿರುವಿನಲ್ಲಿ ಆನೆಯ ಎದುರಿಗೆ ಹೋಗಿ ನಿಲ್ಲುವುದನ್ನು ಯಾವ ಪದಕಕ್ಕೂ ಒಪ್ಪಲಾಗದು. ಅಭ್ಯಾಸಕ್ಕೆ ಕಾಂಗೇಯಂ ಕಡೆಯ ಹುಲ್ಲುಗಾವಲಿನ ಅಂಚು, ತೋಟದ ಗಾಡಿದಾರಿ, ಹಳೆಯ ಕೆರೆ ಏರಿ, ಇವೇ ಸಾಕು. ಜಮೀನಿನವರ ಒಪ್ಪಿಗೆ ಕೇಳಿದರಾಯಿತು. ನಮ್ಮ ಸದಸ್ಯರಲ್ಲೇ ತೋಟ ಇರುವವರಿದ್ದಾರೆ.

ಸಂಘ ಏನು ಮಾಡಬಹುದು

ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಬಂದಾಗ ಬಿಸಿಯಾದ ಮಾತುಗಳೇ ಆದವು. ಕನ್ನಡ ಸಂಘಕ್ಕೂ ಸೈಕಲ್ಲಿಗೂ ಏನು ಸಂಬಂಧ, ಆ ಹಣದಲ್ಲಿ ಕನ್ನಡ ಕಲಿತ ಮಕ್ಕಳಿಗೆ ಬಹುಮಾನ ಕೊಡೋಣ ಎಂದರು ಒಬ್ಬ ಹಿರಿಯರು. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಕನ್ನಡ ತರಗತಿಗೆ ಬಾರದ ಹದಿಮೂರರ ಹುಡುಗ ಸೈಕಲ್ಲಿನ ಅರ್ಜಿ ತುಂಬಿಸಿಕೊಳ್ಳಲು ಸಂಘದ ಮೆಟ್ಟಿಲು ಹತ್ತುತ್ತಾನೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಬ್ಬ ದಾನಿಗಳು ಒಂದು ಮಗುವಿಗೆ ಅರವತ್ತು ಸಾವಿರದ ಸೈಕಲ್ ಕೊಡಿಸಿ ವೇದಿಕೆಯಲ್ಲಿ ಹಸ್ತಾಂತರಿಸೋಣ ಎಂದರು. ಅವರ ಔದಾರ್ಯಕ್ಕೆ ನಮಸ್ಕಾರ, ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಬೆಳೆಯುವ ಮಗುವಿಗೆ ಎರಡು ವರ್ಷಕ್ಕೆ ಆ ಫ್ರೇಮು ಚಿಕ್ಕದಾಗುತ್ತದೆ. ಒಂದು ಬೀಳಿಗೆ ಗೇರಿನ ಕೊಂಡಿ ಬಾಗುತ್ತದೆ, ಬ್ರೇಕಿನ ಪ್ಯಾಡು ಮಳೆಗಾಲದ ಕೆಸರಿನಲ್ಲಿ ಕೆಲವೇ ವಾರ. ರಿಪೇರಿಗೆ ದುಡ್ಡಿಲ್ಲದೆ ಜಗಲಿಯ ಮೇಲೆ ನಿಂತ ಸೈಕಲ್ ಮನೆಯವರಿಗೆ ಒಂದು ನೋವು.

ನಾನು ಸಮಿತಿಯ ಮುಂದಿಟ್ಟಿರುವ ಪ್ರಸ್ತಾವ ಹೀಗಿದೆ. ಸೈಕಲ್‌ಗಳು ಸಂಘದ ಆಸ್ತಿಯಾಗಿರಲಿ, ಎರಡು ಮೂರು ಅಳತೆಯವು, ಎರವಲು ಪುಸ್ತಕದಂತೆ ಸಹಿ ಮಾಡಿ ಒಯ್ದು ಬೆಳೆದ ಮೇಲೆ ಮರಳಿಸಲಿ. ವಿದ್ಯಾರ್ಥಿವೇತನ ಎಂದು ಮಗುವಿಗೆ ವರ್ಷಕ್ಕೆ 12,000 ರೂ., ಹೆಲ್ಮೆಟ್, ಟ್ಯೂಬು, ರಿಪೇರಿ, ಮಾನ್ಯತೆಯುಳ್ಳ ಸ್ಪರ್ಧೆಯ ಶುಲ್ಕ ಮತ್ತು ಪ್ರಯಾಣಕ್ಕೆ, ಮೂರು ಕಂತಿನಲ್ಲಿ. ಹುಡುಗಿಯಾದರೆ ಜೊತೆಗೆ ಹೋಗುವ ತಾಯಿಯ ಅಥವಾ ಅಕ್ಕನ ಪ್ರಯಾಣ ಖರ್ಚೂ ಸೇರಿ. ಇದಿಲ್ಲದೆ ನಮ್ಮ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದು ಸಿರುಮುಗೈಯ ಆ ತಂದೆ ಹೇಳಿದ್ದು ನ್ಯಾಯವಾದ ಮಾತು. ವಯಸ್ಸು ಹನ್ನೊಂದರಿಂದ ಹದಿನೈದು. ಪದಕ ಕೇಳುವುದಿಲ್ಲ. ಕೇಳುವುದು ಎರಡೇ: ಶಾಲೆಯ ಹಾಜರಿ, ಮತ್ತು ಯಾವ ದಿನ ಎಲ್ಲಿ ಎಷ್ಟು ದೂರ ತುಳಿದೆ ಎಂದು ಬರೆದ ಒಂದು ನೋಟ್‌ಬುಕ್. ಅದನ್ನು ಕನ್ನಡದಲ್ಲಿ ಬರೆದರೆ ಸಂತೋಷ, ತಮಿಳಿನಲ್ಲಿ ಬರೆದರೂ ಸರಿಯೇ. ಮೊದಲ ವರ್ಷಕ್ಕೆ ನಾಲ್ಕು ಮಕ್ಕಳು ಸಾಕು ಎಂಬುದು ನನ್ನ ಎಣಿಕೆ.

ಇದಕ್ಕೆ ಬೇಕಾದ ಹಣ ಇನ್ನೂ ಪೂರ್ತಿ ಕೂಡಿಲ್ಲ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ವಿಷಯವನ್ನು ಸೇರಿಸಲಾಗಿದೆ. ಪರವಾಗಿರುವವರೂ ವಿರೋಧವಿರುವವರೂ ಬಂದು ಮಾತನಾಡಬೇಕಾಗಿ ವಿನಂತಿ. ಫೋನಿನಲ್ಲಿ ಬೈಯುವುದಕ್ಕಿಂತ ಸಭೆಯಲ್ಲಿ ಬೈಯುವುದು ಸಂಘಕ್ಕೆ ಒಳ್ಳೆಯದು.

ಅಲ್ಲಿಯವರೆಗೆ ಅರ್ಜಿ ತುಂಬಿಸಿಕೊಳ್ಳಬೇಕಾದವರು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ಸಂಘದ ಕೊಠಡಿಗೆ ಬನ್ನಿ. ಮಗುವಿನ ಆಧಾರ್, ಶಾಲೆಯ ದೃಢೀಕರಣ, ಬ್ಯಾಂಕ್ ಪುಸ್ತಕ ಮೂರರ ಮೂಲಪ್ರತಿಗಳನ್ನೂ ತನ್ನಿ, ನಕಲು ಸಾಲದು. ಹೆಸರು ಮೂರರಲ್ಲೂ ಒಂದೇ ಇದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಂಡು ಹೊರಡಿ. ಮಗುವನ್ನೂ ಕರೆತನ್ನಿ, ಸಹಿ ಅದರದೇ ಬೇಕು.

ಕಾರ್ಯದರ್ಶಿ